ಜಪಾನಿನ ಶಾಲೆಯಲ್ಲಿ ಪಾಠ ಮಾಡಲು ಹೊರಟಿದ್ದೀರಾ? ಒಳಗೆ ಹಾಕುವ ಶೂ ಹೀಗೆ ಆರಿಸಿ

ಜಪಾನಿಗೆ ಇಂಗ್ಲಿಷ್ ಕಲಿಸಲು ಹೊರಡುವವರು ಪೆಟ್ಟಿಗೆ ತುಂಬುವಾಗ ಸಾರಿನ ಪುಡಿಯಿಂದ ಹಿಡಿದು ಸೂಟಿನ ತನಕ ಎಲ್ಲ ನೆನಪಿಡುತ್ತಾರೆ. ಶಾಲೆಯ ಒಳಗೆ ಕಾಲಿಗೆ ಏನು ಹಾಕುವುದು ಅನ್ನುವುದು ಮಾತ್ರ ಮರೆತೇ ಹೋಗುತ್ತದೆ. ‘ಅಲ್ಲಿಗೆ ಹೋದಮೇಲೆ ಒಂದು ಜೊತೆ ಸ್ಲಿಪ್ಪರ್ ತಗೊಂಡರಾಯ್ತು ಬಿಡಿ’ ಅಂದುಕೊಳ್ಳುತ್ತಾರೆ. ಆದರೆ ಸ್ವಲ್ಪ ಲೆಕ್ಕ ಹಾಕಿ. ಮನೆಯಿಂದ ಶಾಲೆಗೆ ಹಾಕಿಕೊಂಡು ಹೋಗುವ ಶೂ ಕಾಲಲ್ಲಿ ಇರುವುದು ದಾರಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ಆಮೇಲೆ ಅದು ಬಾಗಿಲ ಬಳಿಯ ಗೂಡು ಸೇರುತ್ತದೆ. ಬೆಳಗ್ಗೆ ಎಂಟರ ಸುಮಾರಿನಿಂದ ಸಂಜೆ ನಾಲ್ಕು, ನಾಲ್ಕೂವರೆ ತನಕ ಕಾಲಲ್ಲಿ ಇರುವುದು ಒಳಗಿನ ಶೂ. ಹಾಗಾಗಿ ಶೂಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಒಳಗಿನ ಜೊತೆಗೇ ಹೋಗಲಿ.

ಆ ಜೊತೆಯಿಂದ ಮುಖ್ಯವಾಗಿ ಬೇಕಾದದ್ದು ಎರಡು. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದಿರಬೇಕು. ಬೇಕೆಂದಾಗ ಥಟ್ಟನೆ ಕಳಚಲು ಬರಬೇಕು. ಒಂದಕ್ಕೊಂದು ಎದುರು ಅನ್ನಿಸುತ್ತದೆ, ಅಲ್ವಾ? ಆರಿಸುವುದರಲ್ಲಿ ಇರುವ ತಲೆನೋವೇ ಇದು.

ಬಾಗಿಲಲ್ಲಿ ಏನು ನಡೆಯುತ್ತದೆ

ಜಪಾನಿನ ಹೆಚ್ಚಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಬಾಗಿಲ ಹತ್ತಿರ ತಗ್ಗಿನ ಜಾಗ ಒಂದಿರುತ್ತದೆ. ಅದು ಗೆಂಕನ್. ಅಲ್ಲಿಯೇ ಸಾಲು ಸಾಲು ಶೂ ಗೂಡುಗಳು. ಇವನ್ನು ಗೆತಾಬಾಕೊ ಅನ್ನುತ್ತಾರೆ. ಬೀದಿಯ ಶೂ ಬಿಚ್ಚಿ ಗೂಡಿನಲ್ಲಿ ಇಡುವುದು, ಒಳಗಿನ ಶೂ ತೆಗೆದು ಹಾಕಿಕೊಳ್ಳುವುದು. ಒಳಗಿನ ಶೂಗೆ ಉವಾಬಾಕಿ ಅಂತ ಹೆಸರು. ಮಕ್ಕಳದು ಸಾಮಾನ್ಯವಾಗಿ ಬಿಳಿ ಕ್ಯಾನ್ವಾಸ್, ಮೇಲೆ ಒಂದು ಇಲಾಸ್ಟಿಕ್ ಪಟ್ಟಿ, ಅಡಿಯಲ್ಲಿ ತೆಳ್ಳಗಿನ ರಬ್ಬರ್ ಅಟ್ಟೆ. ಬೆರಳಿನ ಕಡೆಯ ರಬ್ಬರಿನ ಬಣ್ಣ ನೋಡಿ ಮಗು ಯಾವ ತರಗತಿ ಅಂತ ಹೇಳಬಹುದಾದ ಶಾಲೆಗಳೂ ಇವೆ. ಶಿಕ್ಷಕರು ಮಕ್ಕಳ ಉವಾಬಾಕಿಯನ್ನೇ ಹಾಕಬೇಕೆಂದಿಲ್ಲ. ತಮಗೆ ಒಗ್ಗಿದ, ಹೊರಗೆ ಎಂದೂ ಬಳಸದ ಶೂ ಇಟ್ಟುಕೊಳ್ಳುತ್ತಾರೆ.

ಚಪ್ಪಲಿ ಹೊರಗೆ ಬಿಡುವುದು ನಮಗೇನೂ ಹೊಸದಲ್ಲ. ಎಡವುವುದು ಇನ್ನೊಂದು ಕಡೆ. ನಾವು ಶೂ ಬಿಚ್ಚಿ ಬರಿಗಾಲನ್ನೋ ಸಾಕ್ಸ್ ಕಾಲನ್ನೋ ಅಲ್ಲೇ ನೆಲದ ಮೇಲೆ ಊರಿಬಿಡುತ್ತೇವೆ. ಗೆಂಕನ್ನಿನ ತಗ್ಗಿನ ನೆಲ ಬೀದಿಯ ಲೆಕ್ಕ. ಅಲ್ಲಿ ಸಾಕ್ಸ್ ತಾಗಬಾರದು. ಹಾಗೆಯೇ ಮೇಲಿನ ನೆಲಕ್ಕೂ ಕಾಲಿಡಲು ಅಲ್ಲಿ ಹಾಸಿರುವ ಮರದ ಪಟ್ಟಿಯ ಹಲಗೆಗೂ ಬೀದಿಯ ಶೂ ತಾಗಬಾರದು. ಅಂದರೆ ಬೀದಿಯ ಶೂನಿಂದ ಕಾಲು ತೆಗೆದು ನೇರವಾಗಿ ಹಲಗೆಯ ಮೇಲೆ ಇಡಬೇಕು. ಒಂಟಿ ಕಾಲಲ್ಲಿ ನಿಂತು ಲೇಸು ಬಿಚ್ಚುವ ಕಸರತ್ತು ಬೇಡ ಅಂದರೆ ಹೊರಗಿನ ಶೂ ಕೂಡ ಸಲೀಸಾಗಿ ಕಳಚುವಂಥದ್ದೇ ಇರಲಿ.

ಮೊದಲ ಹೆಜ್ಜೆ: ಕೊಳ್ಳುವ ಮೊದಲು ಶಾಲೆಯನ್ನು ಕೇಳಿ

ಎಲ್ಲ ಶಾಲೆಯ ಪದ್ಧತಿ ಒಂದೇ ಅಲ್ಲ. ಕೋಬೆಯಂಥ ಊರಿನಲ್ಲಿ ಬೀದಿಯ ಶೂನಲ್ಲೇ ಒಳಗೆ ಹೋಗುವ ಶಾಲೆಗಳಿವೆ. ಕೆಲವು ಪ್ರೌಢಶಾಲೆಗಳಲ್ಲೂ ಶೂ ಬದಲಾಯಿಸುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಂತೂ ಈ ಪದ್ಧತಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ನಿಮ್ಮ ಮೇಲ್ವಿಚಾರಕರಿಗೆ, ಅಥವಾ ನಿಮಗಿಂತ ಮೊದಲು ಆ ಕೆಲಸದಲ್ಲಿದ್ದವರಿಗೆ ಒಂದು ಇಮೇಲ್ ಹಾಕಿ. ಕೇಳಬೇಕಾದದ್ದು ಇಷ್ಟು:

ಒಳಗೆ ಶೂ ಬದಲಾಯಿಸಬೇಕಾ? ಜಿಮ್ ಹಾಲಿಗೆ ಬೇರೆ ಶೂ ಬೇಕಾ? ಬಣ್ಣಕ್ಕೆ, ಸ್ಯಾಂಡಲ್ಲಿಗೆ, ಕ್ರಾಕ್ಸ್‌ಗೆ ಏನಾದರೂ ಅಡ್ಡಿ ಇದೆಯಾ? ನಾನು ಎಷ್ಟು ಶಾಲೆಗೆ ಹೋಗಬೇಕು, ಪ್ರತಿ ಶಾಲೆಯಲ್ಲೂ ನನಗೆ ಗೂಡು ಇರುತ್ತದಾ?

ಕೊನೆಯ ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ಎಷ್ಟು ಜೊತೆ ಕೊಳ್ಳಬೇಕು ಅನ್ನುವುದು ಅದರ ಮೇಲೆಯೇ ನಿಂತಿದೆ. ವಿದೇಶದಿಂದ ಭಾಷಾ ಶಿಕ್ಷಕರನ್ನು ಕರೆಸಲು ಜಪಾನ್ ಸರ್ಕಾರ 1987ರಲ್ಲಿ ಶುರು ಮಾಡಿದ ಜೆಟ್ ಕಾರ್ಯಕ್ರಮದಲ್ಲಿ ಹೋಗುವ ಸಹಾಯಕ ಭಾಷಾ ಶಿಕ್ಷಕರಿಗೆ, ಅಂದರೆ ಎಎಲ್‌ಟಿಗಳಿಗೆ, ಒಂದೇ ಶಾಲೆ ಸಿಗಬಹುದು, ವಾರಕ್ಕೆ ನಾಲ್ಕೈದು ಶಾಲೆ ಸುತ್ತುವ ಕೆಲಸವೂ ಸಿಗಬಹುದು. ಖಾಸಗಿ ಕಂಪನಿಗಳ ಮೂಲಕ ಹೋಗುವವರ ಪಾಡೂ ಹೀಗೆಯೇ.

ಎರಡನೇ ಹೆಜ್ಜೆ: ನಿಮ್ಮ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ

ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ‘ಮೆತ್ತಗಿದೆ’ ಅಂತ ಕೊಂಡರೆ ಸಾಲದು. ಆ ಶೂನಲ್ಲಿ ಏನೇನು ಮಾಡಬೇಕಾಗುತ್ತದೆ ಅಂತ ನೋಡಿ.

ಶಾಲೆಯ ಕಟ್ಟಡಗಳು ಸಾಮಾನ್ಯವಾಗಿ ಮೂರು ನಾಲ್ಕು ಅಂತಸ್ತಿನವು. ಲಿಫ್ಟ್ ಇದ್ದರೂ ಅದು ಊಟದ ಪಾತ್ರೆಗಳಿಗೋ ಗಾಲಿಕುರ್ಚಿಯಲ್ಲಿ ಬರುವವರಿಗೋ ಮೀಸಲು. ಕಾಂಕ್ರೀಟಿನ ಮೇಲೆ ತೆಳ್ಳಗಿನ ವಿನೈಲ್ ಹಾಸು ಹಾಕಿದ ನೆಲ ಬಹಳ ಕಡೆ ಇದೆ. ಮಂಡಿಗೆ, ಸೊಂಟಕ್ಕೆ ಅದು ಕಲ್ಲಿನಷ್ಟೇ ಗಟ್ಟಿ. ಪ್ರಾಥಮಿಕ ಶಾಲೆಯಲ್ಲಿ ಒಂದು ಪೀರಿಯಡ್ 45 ನಿಮಿಷ, ಮಾಧ್ಯಮಿಕ ಶಾಲೆಯಲ್ಲಿ 50. ಭಾಷೆ ಕಲಿಸುವವರು ಆ ಹೊತ್ತಿನಲ್ಲಿ ಕೂರುವುದೇ ಇಲ್ಲ. ಹಾಡು, ಆಟ, ಬೆಂಚುಗಳ ನಡುವೆ ಓಡಾಟ, ಮಗುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬರವಣಿಗೆ ನೋಡುವುದು. ಬಿಡುವಿನಲ್ಲಿ ಪುಸ್ತಕದ ಬುಟ್ಟಿ, ಕಾರ್ಡುಗಳು, ಲ್ಯಾಪ್‌ಟಾಪ್ ಹೊತ್ತು ಇನ್ನೊಂದು ಮಹಡಿಗೆ. ಎರಡೂ ಕೈಯಲ್ಲಿ ಸಾಮಾನು ಇಟ್ಟುಕೊಂಡು ಸಡಿಲ ಸ್ಲಿಪ್ಪರಿನಲ್ಲಿ ಮೆಟ್ಟಿಲು ಇಳಿಯುವುದು ಹೇಗಿರುತ್ತದೆ ಅಂತ ನೀವೇ ಊಹಿಸಿ.

ಮಧ್ಯಾಹ್ನ ಊಟ. ಬಿಳಿ ಏಪ್ರನ್ ತೊಟ್ಟ ಮಕ್ಕಳೇ ಬಿಸಿ ಸೂಪಿನ ಪಾತ್ರೆ ಹಿಡಿದು ತರಗತಿಗೆ ತರುತ್ತಾರೆ, ಬಡಿಸುತ್ತಾರೆ. ಬೆರಳು ಕಾಣುವ ಸ್ಯಾಂಡಲ್ ಯಾಕೆ ಬೇಡ ಅನ್ನುವುದಕ್ಕೆ ಇಷ್ಟು ಸಾಕು. ಕಸ ಗುಡಿಸುವ ಹೊತ್ತು ಬೇರೆ ಇದೆ. ಮಕ್ಕಳೂ ಶಿಕ್ಷಕರೂ ಸೇರಿ ಗುಡಿಸಿ ಒರೆಸುತ್ತಾರೆ. ಡೆಸ್ಕುಗಳನ್ನೆಲ್ಲ ಹಿಂದಕ್ಕೆ ಎಳೆಯುತ್ತಾರೆ. ಕಾಲ ಬೆರಳಿನ ಮೇಲೆ ಡೆಸ್ಕಿನ ಕಾಲು ಬರುವುದು ಇಲ್ಲಿ ತೀರಾ ಸಾಮಾನ್ಯ. ಒರೆಸಿದ ನೆಲ ಒದ್ದೆ. ಶಾಲೆಯ ಅವಧಿ, ಅಂದರೆ ಟರ್ಮ್, ಕೊನೆಯಲ್ಲಿ ನೆಲಕ್ಕೆ ವ್ಯಾಕ್ಸ್ ಹಚ್ಚುವ ರೂಢಿ ಇರುವ ಶಾಲೆಯಾದರೆ ಇನ್ನೂ ಜಾರು. ಜೂನ್‌ನಿಂದ ಜುಲೈ ಮಧ್ಯದ ತನಕದ ಮಳೆಗಾಲದಲ್ಲಿ ಕಾರಿಡಾರುಗಳೇ ಬೆವರಿದ ಹಾಗೆ ಇರುತ್ತವೆ.

ಇದೆಲ್ಲಕ್ಕಿಂತ ದೊಡ್ಡ ಕಾರಣ ಭೂಕಂಪ. ಜಪಾನಿನ ಶಾಲೆಗಳಲ್ಲಿ ವರ್ಷಕ್ಕೆ ಹಲವು ಸಲ ತೆರವಿನ ಅಭ್ಯಾಸ ಮಾಡಿಸುತ್ತಾರೆ. ಗಂಟೆ ಬಾರಿಸಿದ ಕೂಡಲೇ ಮಕ್ಕಳು ಡೆಸ್ಕಿನ ಕೆಳಗೆ ಹೋಗುತ್ತಾರೆ. ಆಮೇಲೆ ಸಾಲಾಗಿ ಮೈದಾನಕ್ಕೆ. ಆಗ ಗೆಂಕನ್ನಿಗೆ ಹೋಗಿ ಶೂ ಬದಲಾಯಿಸುವ ಮಾತೇ ಇಲ್ಲ. ಉವಾಬಾಕಿಯಲ್ಲೇ ಮಣ್ಣಿಗೆ ಇಳಿಯುತ್ತಾರೆ. ತಳ್ಳಬೇಡಿ, ಓಡಬೇಡಿ, ಮಾತಾಡಬೇಡಿ, ವಾಪಸ್ ಹೋಗಬೇಡಿ ಅಂತ ಮಕ್ಕಳಿಗೆ ನಾಲ್ಕು ನಿಯಮ ಬಾಯಿಪಾಠ ಮಾಡಿಸಿರುತ್ತಾರೆ. ಅಭ್ಯಾಸ ಮುಗಿದಮೇಲೆ ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಅಟ್ಟೆ ಒರೆಸಿಕೊಂಡು ಒಳಗೆ ಬರುತ್ತಾರೆ. ನಿಜವಾಗಿ ನೆಲ ಅಲುಗಿದ ದಿನ ಕಿಟಕಿಯ ಗಾಜು ಚೂರಾಗಿ ಬಿದ್ದಿರಬಹುದು. ಮಕ್ಕಳ ಹಿಂದೆ ಮೆಟ್ಟಿಲು ಇಳಿಯುವ ಶಿಕ್ಷಕರ ಕಾಲಲ್ಲಿ ಪಟಪಟ ಬಡಿಯುವ ಸ್ಲಿಪ್ಪರ್ ಇದ್ದರೆ ಹೇಗೆ? ಉಳಿದದ್ದಕ್ಕೆಲ್ಲ ರಾಜಿ ಮಾಡಿಕೊಳ್ಳಿ. ಹಿಮ್ಮಡಿ ಮುಚ್ಚುವ, ಬೆರಳು ಮುಚ್ಚುವ ಶೂ ಅನ್ನುವುದಕ್ಕೆ ಮಾತ್ರ ಬೇಡ.

ಹಾಗಾದರೆ ಲೇಸು ಬಿಗಿದ ಸ್ಪೋರ್ಟ್ಸ್ ಶೂ ಹಾಕಿಬಿಟ್ಟರಾಯ್ತಲ್ಲ ಅನ್ನಬಹುದು. ಅಲ್ಲೇ ಎರಡನೇ ತೊಡಕು. ಕಂಪ್ಯೂಟರ್ ಕೋಣೆ, ಲೈಬ್ರರಿ ಕಾರ್ಪೆಟ್ಟಿನದಾಗಿದ್ದರೆ ಬಾಗಿಲಲ್ಲೇ ಉವಾಬಾಕಿ ಬಿಡಬೇಕಾಗಬಹುದು. ತತಾಮಿ ಚಾಪೆಯ ಕೋಣೆಗೆ ಸ್ಲಿಪ್ಪರ್ ಕೂಡ ತಾಗುವ ಹಾಗಿಲ್ಲ. ಕೆಲವು ಶಾಲೆಗಳಲ್ಲಿ ಶೌಚಾಲಯಕ್ಕೆ ಬೇರೆ ಸ್ಲಿಪ್ಪರ್ ಇಟ್ಟಿರುತ್ತಾರೆ. ಪ್ರಾಥಮಿಕ ಶಾಲೆಯಲ್ಲಂತೂ ಬಿಡುವಿನಲ್ಲಿ ಮಕ್ಕಳು ಕೈ ಹಿಡಿದು ಮೈದಾನಕ್ಕೆ ಎಳೆದೊಯ್ಯುತ್ತಾರೆ. ಆಗ ಮತ್ತೆ ಬೀದಿಯ ಶೂ, ಗಂಟೆ ಹೊಡೆದಾಗ ಮತ್ತೆ ಒಳಗಿನದು. ದಿನಕ್ಕೆ ಆರೇಳು ಸಲ ಬಿಚ್ಚಿ ಹಾಕುವ ಶೂಗೆ ಪ್ರತಿ ಸಲ ಲೇಸು ಕಟ್ಟುತ್ತಾ ಕೂತರೆ ಬಿಡುವೇ ಮುಗಿದುಹೋಗುತ್ತದೆ.

ಮೂರನೇ ಹೆಜ್ಜೆ: ಪಾದ ಅಳೆಯಿರಿ

ಜಪಾನಿನಲ್ಲಿ ಶೂ ಅಳತೆ ಸೆಂಟಿಮೀಟರಿನಲ್ಲಿ. 25.0, 25.5, 26.0 ಹೀಗೆ ಅರ್ಧರ್ಧ ಸೆಂಟಿಮೀಟರ್ ಏರುತ್ತದೆ. ನಮ್ಮಲ್ಲಿ ಹೇಳುವ 7, 8, 9 ಯುಕೆ ಅಳತೆ. ಅದನ್ನು ಸೆಂಟಿಮೀಟರಿಗೆ ಬದಲಾಯಿಸುವ ಪಟ್ಟಿಗಳು ಬೇಕಾದಷ್ಟಿವೆ. ಆದರೆ ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಒಬ್ಬರ 8 ಅಂದರೆ 26.5, ಇನ್ನೊಬ್ಬರದು 27. ಪಟ್ಟಿ ನಂಬುವ ಬದಲು ಪಾದವನ್ನೇ ಅಳೆಯಿರಿ.

ಗೋಡೆಗೆ ತಾಗಿಸಿ ನೆಲದ ಮೇಲೆ ಒಂದು ಕಾಗದ ಇಡಿ. ಹಿಮ್ಮಡಿ ಗೋಡೆಗೆ ಒತ್ತಿ ನಿಂತುಕೊಳ್ಳಿ. ಕೂತು ಅಳೆಯಬೇಡಿ. ಮೈಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಎಲ್ಲಕ್ಕಿಂತ ಮುಂದೆ ಬರುವ ಬೆರಳಿನ ತುದಿಗೆ ಗುರುತು ಹಾಕಿ. ಅದು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಎಷ್ಟೋ ಜನರಿಗೆ ಪಕ್ಕದ ಬೆರಳು ಉದ್ದ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ. ಸಂಜೆ ಅಳೆದರೆ ಒಳ್ಳೆಯದು. ದಿನವಿಡೀ ನಿಂತ ಪಾದ ಸ್ವಲ್ಪ ಊದಿರುತ್ತದೆ, ಶಾಲೆಯಲ್ಲಿ ನಿಮ್ಮ ಪಾದ ಇರುವುದೂ ಹಾಗೆಯೇ.

ಜಪಾನಿನ ಅಳತೆಯ ನಿಯಮ ಪಾದದ ಉದ್ದಕ್ಕೆ ಸೇರಿದ್ದು, ಶೂನ ಒಳಗಿನ ಉದ್ದಕ್ಕಲ್ಲ. ಅಂದರೆ 26 ಅಂತ ಬರೆದ ಶೂ 26 ಸೆಂಟಿಮೀಟರ್ ಪಾದಕ್ಕೆ. ಆದರೆ ಸ್ನೀಕರುಗಳಲ್ಲಿ ಎಲ್ಲ ಕಂಪನಿಗಳೂ ಒಂದೇ ಥರ ಇಲ್ಲ. ಅರ್ಧದಿಂದ ಒಂದು ಸೆಂಟಿಮೀಟರ್ ದೊಡ್ಡದು ಬೇಕಾಗುವುದು ಸಾಮಾನ್ಯ. ಈಗ ನಿಮ್ಮ ಹತ್ತಿರ ಇರುವ, ಚೆನ್ನಾಗಿ ಹೊಂದುವ ಸ್ಪೋರ್ಟ್ಸ್ ಶೂನ ನಾಲಿಗೆಯ ಒಳಭಾಗ ನೋಡಿ. ಅಲ್ಲಿನ ಚೀಟಿಯಲ್ಲಿ ಯುಕೆ, ಯುಎಸ್ ಜೊತೆಗೆ ಸಿಎಂ ಅಥವಾ ಜೆಪಿ ಅಂತಲೂ ಒಂದು ಅಂಕಿ ಇರಬಹುದು. ಅದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದ ಹಾಗೆ.

ಅಗಲವನ್ನು ಮರೆಯಬೇಡಿ. ಡಬ್ಬದ ಮೇಲೆ ಇ, 2ಇ, 3ಇ, 4ಇ ಅಂತ ಬರೆದಿರುತ್ತಾರೆ. ಅಂಕಿ ಏರಿದಷ್ಟು ಅಗಲ. ಬರಿಗಾಲು, ಚಪ್ಪಲಿಯಲ್ಲಿ ಬೆಳೆದವರ ಪಾದ ಬೆರಳಿನ ಕಡೆ ಹರಡಿಕೊಂಡಿರುತ್ತದೆ. 3ಇ ಹಾಕಿ ನೋಡಿ, ಅದೇ ಸರಿಹೋಗಬಹುದು. ಒಂದು ಸೈಜು ದೊಡ್ಡದು ಕೊಂಡು ಅಗಲ ಸರಿ ಮಾಡಿಕೊಳ್ಳಬೇಡಿ. ಆಗ ಹಿಮ್ಮಡಿ ಸಡಿಲ, ಮತ್ತೆ ಸ್ಲಿಪ್ಪರಿನ ಕಥೆಯೇ.

ದೊಡ್ಡ ಪಾದದವರಿಗೆ ಒಂದು ಎಚ್ಚರಿಕೆ. ಗಂಡಸರ ಶೂ 28ರ ಮೇಲೆ, ಹೆಂಗಸರದು 25ರ ಮೇಲೆ ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಹೆಂಗಸರು ಗಂಡಸರ ಶೆಲ್ಫಿನಲ್ಲಿ ನೋಡಬಹುದು. ಗಂಡಸರಿಗೆ ಆ ದಾರಿಯೂ ಇಲ್ಲ. ಈ ಅಳತೆ ದಾಟಿದವರು ಇಲ್ಲಿಂದಲೇ ಒಂದು ಜೊತೆ ಕೊಂಡು ಹೋಗುವುದು ಜಾಣತನ. ಉಳಿದವರು ಸುಮ್ನೆ ಪೆಟ್ಟಿಗೆಯ ಜಾಗ ಹಾಳು ಮಾಡಬೇಡಿ, ಅಲ್ಲೇ ಕೊಳ್ಳಿ.

ನಾಲ್ಕನೇ ಹೆಜ್ಜೆ: ಯಾವ ಬಗೆ?

ಅತಿಥಿಗಳ ಸ್ಲಿಪ್ಪರಿನಿಂದ ಶುರು ಮಾಡೋಣ. ಹಸಿರೋ ಕಂದೋ ಬಣ್ಣದ ವಿನೈಲ್, ಮೇಲೆ ಶಾಲೆಯ ಹೆಸರು. ಶೂ ತರದೆ ಬಂದವರಿಗೆ ಇದನ್ನು ಕೊಡುತ್ತಾರೆ. ಒಂದು ದಿನಕ್ಕೆ ಸರಿ. ಆದರೆ ಆ ಒಂದು ದಿನ ಯಾವುದು ಅನ್ನುವುದನ್ನೂ ನೋಡಬೇಕು. ಜೆಟ್‌ನಲ್ಲಿ ಹೋಗುವವರು ಹೆಚ್ಚಾಗಿ ಜುಲೈ ಕೊನೆ, ಆಗಸ್ಟಿನಲ್ಲಿ ಇಳಿಯುತ್ತಾರೆ. ಶಾಲೆ ರಜೆ. ಎರಡನೇ ಅವಧಿ ಶುರುವಾಗುವ ದಿನ ಜಿಮ್ ಹಾಲಿನಲ್ಲಿ ಇಡೀ ಶಾಲೆಯ ಮುಂದೆ ಹೊಸ ಶಿಕ್ಷಕರ ಪರಿಚಯ ಭಾಷಣ. ವೇದಿಕೆಯ ಮೆಟ್ಟಿಲು ಹತ್ತಬೇಕು. ಹೊಳೆಯುವ ಮರದ ನೆಲದ ಮೇಲೆ ಜಾರುವ ಸ್ಲಿಪ್ಪರಿನಲ್ಲಿ ಅದನ್ನು ಮಾಡುವುದಕ್ಕಿಂತ ರಜೆಯಲ್ಲೇ ಶೂ ಕೊಂಡಿಡುವುದು ಮೇಲು.

ಮಕ್ಕಳ ಥರದ ಬಿಳಿ ಉವಾಬಾಕಿ ದೊಡ್ಡವರ ಅಳತೆಯಲ್ಲೂ ಸಿಗುತ್ತದೆ. ಅಗ್ಗ, ಹಗುರ, ತೊಳೆಯಲು ಸುಲಭ. ಅಟ್ಟೆ ಮಾತ್ರ ಬಹಳ ತೆಳು. ವಾರಕ್ಕೊಮ್ಮೆ ಎರಡು ಪೀರಿಯಡ್ಡಿಗೆ ಹೋಗುವ ಶಾಲೆಗೆ ಪರವಾಗಿಲ್ಲ. ದಿನವಿಡೀ ನಿಲ್ಲುವವರಿಗೆ ನಾನು ಹೇಳುವುದಿಲ್ಲ.

ನನ್ನ ಓಟು ಲೇಸಿಲ್ಲದ ಸ್ನೀಕರಿಗೆ, ಅಂದರೆ ಸ್ಲಿಪ್-ಆನ್‌ಗೆ. ಹಿಂಭಾಗ ಗಟ್ಟಿಯಾಗಿದ್ದು, ಮೇಲ್ಭಾಗದಲ್ಲಿ ಅಗಲವಾದ ಇಲಾಸ್ಟಿಕ್ ಇರುವಂಥದ್ದು. ಹಿಂಭಾಗ ಗಟ್ಟಿ ಇದೆಯಾ ಅಂತ ನೋಡಲು ಹೆಬ್ಬೆರಳಿನಿಂದ ಒತ್ತಿ. ಕಾಗದದ ಹಾಗೆ ಮಡಚಿಕೊಂಡರೆ ಎರಡೇ ತಿಂಗಳಲ್ಲಿ ನೀವು ಅದನ್ನು ತುಳಿದುಕೊಂಡು ಓಡಾಡುತ್ತೀರಿ. ಹಿಮ್ಮಡಿ ತುಳಿದು ಶೂ ಹಾಕುವುದು ಜಪಾನಿನಲ್ಲಿ ಒಳ್ಳೆಯ ನಡತೆ ಅಲ್ಲ. ಮಕ್ಕಳಿಗೆ ಹಾಗೆ ಮಾಡಬೇಡಿ ಅಂತ ಹೇಳುವವರೇ ಮಾಡಿದರೆ ಚೆನ್ನಾಗಿರುವುದಿಲ್ಲ.

ಲೇಸಿನ ಶೂನೇ ಇಷ್ಟ ಅನ್ನುವವರು ಲೇಸು ಕಿತ್ತು ಇಲಾಸ್ಟಿಕ್ ಲೇಸು ಹಾಕಿಕೊಳ್ಳಬಹುದು. ನೂರು ಯೆನ್ ಅಂಗಡಿಗಳಲ್ಲೇ ಹುಡುಕಿ. ವೆಲ್ಕ್ರೋ ಪಟ್ಟಿಯ ನಡಿಗೆ ಶೂ ಕೂಡ ಒಳ್ಳೆಯದೇ. ನೋಡಲು ಅಜ್ಜಂದಿರ ಶೂ ಥರ ಇರುತ್ತದೆ, ಆದರೆ ಕಾಲಿಗೆ ಅಷ್ಟು ಸುಖ ಬೇರೆ ಎಲ್ಲೂ ಇಲ್ಲ.

ಅಡುಗೆಮನೆಯಲ್ಲಿ ಕೆಲಸ ಮಾಡುವವರ ಜಾರದ ಶೂ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಎಣ್ಣೆ, ನೀರು ಬಿದ್ದ ನೆಲಕ್ಕೆ ಮಾಡಿದ್ದು. ಕಪ್ಪೋ ಬಿಳಿಯೋ, ಲೇಸಿಲ್ಲ, ಸದ್ದಿಲ್ಲ, ಒರೆಸಿದರೆ ಸಾಕು. ಕಟ್ಟಡ ಕೆಲಸದವರ ಬಟ್ಟೆ ಮಾರುವ ವರ್ಕ್‌ಮನ್ ಅಂಗಡಿಗಳಲ್ಲಿ ಸುಮಾರು ಎರಡು ಸಾವಿರ ಯೆನ್ನಿಗೆ ಸಿಗುತ್ತದೆ. ಮೆತ್ತನೆಯ ಒಳಅಟ್ಟೆ ಒಂದು ಹಾಕಿಕೊಂಡರೆ ಇದರಷ್ಟು ಲಾಭದ ಶೂ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನರ್ಸುಗಳ ಥರದ ಶೂಗಳಲ್ಲಿ ಹಿಮ್ಮಡಿಗೆ ಪಟ್ಟಿ ಇರುವುದು ನಡೆಯುತ್ತದೆ. ಹಿಂಭಾಗ ತೆರೆದದ್ದು ಬೇಡ. ಜಪಾನಿ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಸ್ಟಾಫ್ ರೂಮಿನಲ್ಲಿ ತೆರೆದ ಸ್ಯಾಂಡಲ್ ಹಾಕಿಕೊಂಡೇ ಇರುವುದು ಕಾಣುತ್ತದೆ, ನಿಜ. ಹೊಸಬರಿಗೆ ಅವರ ಅನುಕರಣೆ ಬೇಡ. ಕ್ರಾಕ್ಸ್ ಕೆಲವು ಕಡೆ ಯಾರೂ ಏನೂ ಅನ್ನುವುದಿಲ್ಲ, ಕೆಲವು ಕಡೆ ಮುಖ ಸಿಂಡರಿಸುತ್ತಾರೆ. ಕೇಳದೆ ಕೊಳ್ಳಬೇಡಿ. ಟಕಟಕ ಅನ್ನುವ ಹಿಮ್ಮಡಿ, ಗಟ್ಟಿ ಚರ್ಮದ ಅಟ್ಟೆ ಯಾವ ಶಾಲೆಗೂ ಬೇಡ. ಚರ್ಮ ಮುಟ್ಟದವರಿಗೆ ಒಂದು ಸಮಾಧಾನ: ಒಳಗಿನ ಶೂಗಳು ಬಹುಪಾಲು ಬಟ್ಟೆ, ರಬ್ಬರ್, ರೆಕ್ಸಿನ್ ಥರದವೇ.

ಅಟ್ಟೆ ಮತ್ತು ಬಣ್ಣ

ಅಟ್ಟೆ ನೆಲದ ಮೇಲೆ ಗೆರೆ ಬಿಡಬಾರದು. ಅಂಗಡಿಯಲ್ಲಿ ಒಂದು ಬಿಳಿ ಕಾಗದದ ಮೇಲೆ ಅಟ್ಟೆ ಉಜ್ಜಿ ನೋಡುವುದು ಸುಲಭದ ಪರೀಕ್ಷೆ. ಅಂಗಡಿಯವರನ್ನು ಕೇಳಿ ಮಾಡಿ. ಬಿಳಿ ಅಥವಾ ಕಂದು ಗಮ್ ಅಟ್ಟೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ. ಆಳವಾದ ಕಚ್ಚುಗಳಿರುವ ಟ್ರೆಕ್ಕಿಂಗ್ ಅಟ್ಟೆ ಬೇಡ, ಚಾಕ್‌ಪೀಸಿನ ಚೂರು, ಕಸ ಎಲ್ಲ ಸಿಕ್ಕಿಕೊಳ್ಳುತ್ತದೆ. ಬಣ್ಣ ಬಿಳಿ, ಕಪ್ಪು, ಬೂದು, ಕಡುನೀಲಿ ಇದ್ದರೆ ಯಾವ ಶಾಲೆಯಲ್ಲೂ ತಕರಾರಿಲ್ಲ.

ಹಳೆಯ ಶೂ ತೊಳೆದು ಒಳಗೆ ಹಾಕಬಹುದಾ ಅಂತ ಕೇಳುವವರಿದ್ದಾರೆ. ಅಟ್ಟೆಯನ್ನು ಸಂದುಗೊಂದು ಬಿಡದೆ ಉಜ್ಜಿ ತೊಳೆದರೆ ಬಳಸಬಹುದು. ಆದರೆ ನೋಡುವವರಿಗೆ ಅದು ಬೀದಿಯ ಶೂ ಅಂತಲೇ ಕಾಣುತ್ತದೆ. ಹೊಸದೇ ತಗೊಳ್ಳಿ.

ಐದನೇ ಹೆಜ್ಜೆ: ಎಲ್ಲಿ ಕೊಳ್ಳುವುದು

ಎಬಿಸಿ ಮಾರ್ಟ್‌ನಂಥ ಶೂ ಅಂಗಡಿ, ಇಯಾನ್ ಮಾಲಿನ ಶೂ ವಿಭಾಗ, ಶಿಮಾಮುರಾ, ಮೇಲೆ ಹೇಳಿದ ವರ್ಕ್‌ಮನ್. ಊರಿನಲ್ಲಿ ಇವುಗಳಲ್ಲಿ ಒಂದಾದರೂ ಇರುತ್ತದೆ. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲೂ ಒಂದು ಸಾಲು ಕೆಲಸದ ಶೂ ಇಟ್ಟಿರುತ್ತಾರೆ. ಮೂನ್‌ಸ್ಟಾರ್, ಅಸಾಹಿ, ಅಕಿಲೆಸ್ ಅನ್ನುವ ಹೆಸರುಗಳು ಕಂಡರೆ ತಿರುಗಿಸಿ ನೋಡಿ. ಮೊದಲೆರಡೂ ಕ್ಯೂಶು ದ್ವೀಪದ ಕುರುಮೆ ಊರಿನವು. ಮೂನ್‌ಸ್ಟಾರ್ 1873ರಲ್ಲಿ ತಾಬಿ, ಅಂದರೆ ಹೆಬ್ಬೆರಳು ಬೇರೆಯಾಗಿರುವ ಬಟ್ಟೆಯ ಕಾಲುಚೀಲ, ಹೊಲಿಯುವ ಅಂಗಡಿಯಾಗಿ, ಅಸಾಹಿ 1892ರಲ್ಲಿ ಬಟ್ಟೆ ಹೊಲಿಯುವ ಅಂಗಡಿಯಾಗಿ ಶುರುವಾದವು. ಆಮೇಲೆ ತಾಬಿಗೆ ರಬ್ಬರ್ ಅಟ್ಟೆ ಅಂಟಿಸಲು ಹೋಗಿ ಇಡೀ ಊರೇ ರಬ್ಬರಿನ ಊರಾಯಿತು. ಕಾರಿನ ಟೈರು ಮಾಡುವ ಬ್ರಿಜ್‌ಸ್ಟೋನ್ ಕೂಡ 1931ರಲ್ಲಿ ಅಲ್ಲಿಂದಲೇ ಹೊರಟದ್ದು. ಶಾಲೆಯ ಶೂ ಮಾಡಿ ಕೈ ಪಳಗಿದವರು ಅನ್ನುವುದಕ್ಕಾಗಿ ಇದನ್ನು ಹೇಳಿದೆ.

ಅಂಗಡಿಯಲ್ಲಿ ಕೇಳಲು ಭಾಷೆ ಜಾಸ್ತಿ ಬೇಡ. ‘ಉವಾಬಾಕಿ’ ಅನ್ನಿ, ‘ನಿಜೂನಾನಾ ಸೆಂಚಿ, ಅರಿಮಾಸ್ ಕಾ’ ಅನ್ನಿ. 27 ಸೆಂಟಿಮೀಟರಿನದು ಇದೆಯಾ ಅಂತ ಕೇಳಿದ ಹಾಗೆ. ಹಾಕಿ ನೋಡುವಾಗ ಶಾಲೆಗೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ, ಕುಕ್ಕರಗಾಲಲ್ಲಿ ಕೂತು ಏಳಿ, ಬೆರಳ ತುದಿಯಲ್ಲಿ ನಿಲ್ಲಿ. ಹಿಮ್ಮಡಿ ಮೇಲೇಳಬಾರದು. ಆಮೇಲೆ ಕೈ ತಾಗಿಸದೆ ಕಳಚಿ ನೋಡಿ. ಎರಡೂ ಆದರೆ ಅದೇ ನಿಮ್ಮ ಶೂ.

ಚಪ್ಪಟೆ ಪಾದದವರು, ಹಿಮ್ಮಡಿ ನೋವಿನವರು ವೈದ್ಯರು ಹೇಳಿದ ಒಳಅಟ್ಟೆಯನ್ನು ಇಲ್ಲಿಂದಲೇ ಒಯ್ಯಿರಿ. ಒಳಅಟ್ಟೆ ಕಿತ್ತು ಬದಲಾಯಿಸಲು ಬರುವ ಶೂ ಹುಡುಕಿ.

ಜಿಮ್ ಹಾಲಿನ ಶೂ

ಹಲವು ಶಾಲೆಗಳಲ್ಲಿ ಜಿಮ್ ಹಾಲಿಗೆ ಉವಾಬಾಕಿಯಲ್ಲೇ ಹೋಗಬಹುದು. ಇನ್ನು ಕೆಲವು ಕಡೆ ಬಾಗಿಲಲ್ಲೇ ಮತ್ತೆ ಬದಲಾಯಿಸಬೇಕು. ಹಾಗಿದ್ದರೆ ನಿಮಗೆ ಇದು ಮೂರನೇ ಜೊತೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬ್ಯಾಡ್ಮಿಂಟನ್ ಆಡುವವರ ಹತ್ತಿರ ನಾನ್-ಮಾರ್ಕಿಂಗ್ ಶೂ ಇದ್ದೇ ಇರುತ್ತದೆ. ಒಳಾಂಗಣದಲ್ಲಿ ಮಾತ್ರ ಬಳಸಿದ್ದಾದರೆ ಧಾರಾಳವಾಗಿ ಒಯ್ಯಿರಿ. ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಯೋನೆಕ್ಸ್ ಕೂಡ ಜಪಾನಿನ ನೀಗಾತಾದಲ್ಲಿ 1946ರಲ್ಲಿ ಹುಟ್ಟಿದ ಕಂಪನಿಯೇ. ಶಾಲೆ ಬಿಟ್ಟಮೇಲೆ ಮಕ್ಕಳ ಬ್ಯಾಡ್ಮಿಂಟನ್ ಕ್ಲಬ್ಬಿಗೆ ಆ ಶೂನಲ್ಲಿ ಹೋದರೆ ಭಾಷೆ ಬಾರದಿದ್ದರೂ ಸ್ನೇಹ ಬೇಗ ಆಗುತ್ತದೆ.

ಸಮಾರಂಭದ ದಿನ

ಮಾರ್ಚಿನ ಪದವಿ ಸಮಾರಂಭ, ಏಪ್ರಿಲ್‌ನ ಪ್ರವೇಶ ಸಮಾರಂಭ, ಎರಡೂ ಗಂಭೀರವಾದವು. ಎಲ್ಲರೂ ಕಪ್ಪು ಸೂಟಿನಲ್ಲಿ. ಅಲ್ಲಿ ನಿಮ್ಮ ಬಿಳಿ ಸ್ನೀಕರ್ ಎದ್ದು ಕಾಣುತ್ತದೆ. ಇದಕ್ಕೆ ಅಂತ ಬೇರೆ ಜೊತೆ ಬೇಡ ಅನ್ನುವವರು ಮೊದಲೇ ಸಾದಾ ಕಪ್ಪು ಶೂ ಕೊಂಡುಬಿಡಿ. ವರ್ಷವಿಡೀ ನಡೆಯುತ್ತದೆ, ಆ ಎರಡು ದಿನವೂ ನಡೆಯುತ್ತದೆ.

ಸಾಕ್ಸ್ ಮತ್ತು ಚಳಿ

ಇಷ್ಟು ಸಲ ಶೂ ಬಿಚ್ಚುವ ಕಡೆ ಸಾಕ್ಸೂ ಬಟ್ಟೆಯ ಒಂದು ಭಾಗವೇ. ಹೆಬ್ಬೆರಳು ಇಣುಕುವ ಸಾಕ್ಸ್ ಮನೆಯಲ್ಲೇ ಇರಲಿ. ಬ್ಯಾಗಿನಲ್ಲಿ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಬೇಕೇ ಬೇಕು. ಚಳಿಗಾಲದಲ್ಲಿ ತರಗತಿ ಬೆಚ್ಚಗಿದ್ದರೂ ಕಾರಿಡಾರು, ಜಿಮ್ ಹಾಲು ಕೊರೆಯುತ್ತವೆ. ಬೆಂಗಳೂರಿನ ಡಿಸೆಂಬರ್ ಮಾತ್ರ ನೋಡಿದವರಿಗೆ ಅಂಗಾಲಿನಿಂದ ಏರುವ ಆ ಚಳಿಯ ಅಂದಾಜು ಇರುವುದಿಲ್ಲ. ದಪ್ಪ ಸಾಕ್ಸ್ ಹಿಡಿಯುವಷ್ಟು ಜಾಗ ಶೂನಲ್ಲಿ ಇರಲಿ. ಉತ್ತರದ ಹೊಕ್ಕೈದೊ, ತೊಹೊಕು ಕಡೆ ಹೋಗುವವರು ಬೇಸಿಗೆಯಲ್ಲಿ ಜಾಲರಿ ಶೂ ಕೊಂಡರೆ ನವೆಂಬರಿಗೆ ಇನ್ನೊಂದು ಕೊಳ್ಳಬೇಕಾಗುತ್ತದೆ. ಶೂ ಒಳಗೆ ಅಂಟಿಸುವ ಕೈರೊ ಅನ್ನುವ ಬಿಸಿ ಚೀಟಿಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಕಾಲಿಗೆ ಅಂತಲೇ ಬೇರೆ ಇರುತ್ತವೆ, ಅದನ್ನೇ ತಗೊಳ್ಳಿ.

ಇಟ್ಟುಕೊಳ್ಳುವುದು, ಹೊತ್ತೊಯ್ಯುವುದು, ತೊಳೆಯುವುದು

ಶೂ ಒಳಗೆ ಅಥವಾ ಹಿಮ್ಮಡಿಯಲ್ಲಿ ನಿಮ್ಮ ಹೆಸರು ಬರೆಯಿರಿ. ಒಂದೇ ಅಂಗಡಿಯ ಒಂದೇ ಕಪ್ಪು ಶೂ ಸ್ಟಾಫಿನಲ್ಲಿ ನಾಲ್ಕು ಜನರ ಹತ್ತಿರ ಇರಬಹುದು. ಗೂಡಿನಲ್ಲಿ ಇಡುವಾಗ ಜೋಡಿ ಸರಿಯಾಗಿ ಇಡಿ, ಗಮನಿಸುತ್ತಾರೆ.

ಹಲವು ಶಾಲೆ ಸುತ್ತುವವರು ಹೆಚ್ಚು ದಿನ ಇರುವ ಶಾಲೆಯಲ್ಲಿ ಒಳ್ಳೆಯ ಜೊತೆ ಇಟ್ಟು, ಉಳಿದ ಶಾಲೆಗಳಿಗೆ ಹಗುರವಾದ ಇನ್ನೊಂದನ್ನು ಬ್ಯಾಗಿನಲ್ಲಿ ಒಯ್ಯಬಹುದು. ಮಕ್ಕಳ ಉವಾಬಾಕಿ ಚೀಲದ ಥರದ್ದೇ ದೊಡ್ಡವರಿಗೂ ಸಿಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೆ ಬೆವರು ಆರುವುದಿಲ್ಲ. ಬೇರೆ ಶಾಲೆಗೆ ಒಂದು ದಿನದ ಪ್ರದರ್ಶನ ಪಾಠಕ್ಕೋ ಸಭೆಗೋ ಹೋಗುವಾಗ ಮಡಚುವ ಸ್ಲಿಪ್ಪರ್ ಇದ್ದರೆ ಸಾಕು. ಆ ಊರಿನ ತಂದೆತಾಯಿಯರೂ ಶಾಲೆಗೆ ಬರುವಾಗ ಅದನ್ನೇ ತರುತ್ತಾರೆ.

ಮಕ್ಕಳು ವಾರದ ಕೊನೆಗೆ ಉವಾಬಾಕಿ ಮನೆಗೆ ಒಯ್ದು ತೊಳೆದು ತರುತ್ತಾರೆ. ನೀವು ಎರಡು ವಾರಕ್ಕೊಮ್ಮೆಯಾದರೂ ಮಾಡಿ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಒಂದು ಬ್ರಷ್. ಬಿಳಿ ಕ್ಯಾನ್ವಾಸ್ ಆದರೆ ಚೆನ್ನಾಗಿ ಜಾಲಿಸಿ, ಮೇಲೆ ಟಿಶ್ಯೂ ಕಾಗದ ಸುತ್ತಿ ನೆರಳಿನಲ್ಲಿ ಒಣಗಿಸಿ. ಉಳಿದ ಸೋಪಿನ ಅಂಶ ಟಿಶ್ಯೂಗೆ ಇಳಿಯುತ್ತದೆ, ಬಟ್ಟೆ ಹಳದಿ ಆಗುವುದಿಲ್ಲ. ಒಳಗೆ ನ್ಯೂಸ್‌ಪೇಪರ್ ತುರುಕಿ, ನಡುವೆ ಒಮ್ಮೆ ಬದಲಾಯಿಸಿ. ಜಪಾನಿನ ಮಳೆಗಾಲದಲ್ಲಿ ಒಂದೇ ದಿನದಲ್ಲಿ ಒಣಗುವ ಭರವಸೆ ಇಲ್ಲ, ಶುಕ್ರವಾರ ಸಂಜೆಯೇ ತೊಳೆದುಬಿಡಿ. ವಾಸನೆಗೆ ಅಲ್ಲಿನವರು ಹತ್ತು ಯೆನ್ ನಾಣ್ಯಗಳನ್ನು ಶೂ ಒಳಗೆ ಹಾಕಿಡುತ್ತಾರೆ. ಆ ನಾಣ್ಯ ಬಹುಪಾಲು ತಾಮ್ರ. ತೊಳೆಯುವುದಕ್ಕೆ ಅದು ಬದಲಿ ಅಲ್ಲ, ನಡುವಿನ ದಿನಗಳಿಗೆ ಸರಿ.

ಪ್ರತಿ ಅವಧಿಯ ಕೊನೆಗೆ ಅಟ್ಟೆ ತಿರುಗಿಸಿ ನೋಡಿ. ಹಿಮ್ಮಡಿಯ ಹೊರ ಅಂಚು ಸವೆದು ನುಣುಪಾಗಿದ್ದರೆ ಮೆಟ್ಟಿಲಲ್ಲಿ ಜಾರುತ್ತದೆ, ಶೂ ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿ. ಮಾಡೆಲ್ ನಂಬರು ಮತ್ತು ಸೈಜು ಬರೆದ ಡಬ್ಬದ ಫೋಟೊ ಫೋನಿನಲ್ಲಿ ಇದ್ದರೆ ಮುಂದಿನ ಜೊತೆಯನ್ನು ಆನ್‌ಲೈನಿನಲ್ಲೇ ತರಿಸಬಹುದು. ಮಾರ್ಚ್ ಕೊನೆಯಲ್ಲಿ ಕೊಂಡರೆ ಇನ್ನೂ ಒಳ್ಳೆಯದು. ಏಪ್ರಿಲ್‌ನಲ್ಲಿ ಹೊಸ ಶಾಲಾ ವರ್ಷ ಶುರುವಾಗುವ ಮೊದಲು ಅಂಗಡಿಗಳಲ್ಲಿ ಶಾಲೆಯ ಸಾಮಾನು ತುಂಬಿರುತ್ತದೆ.